ಯಾವ ಮೆಟ್ಟಿಲಲ್ಲಿ ನಿಲ್ಲುವುದು

ಸೊನ್ನೆಯಿಂದಲೇ ಶುರು ಮಾಡುತ್ತೇನೆ. ನನ್ನ ಇಡೀ ವೃತ್ತಿಯಲ್ಲಿ ಅತಿ ದೊಡ್ಡ ತಪ್ಪು ಹುಟ್ಟಿದ್ದು ಒಂದು ಸೊನ್ನೆಯಿಂದ; ಅದೂ ಸೊನ್ನೆಯಲ್ಲದ ಸೊನ್ನೆಯಿಂದ. ಹೊಸದಾಗಿ ಪ್ರೋಗ್ರಾಮಿಂಗ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಮನೆಗೆ ಬಂದಾಗ "ಆಂಟಿ, ನಿಮ್ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಾರೆ. ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ನೋಡತೊಡಗುತ್ತಾರೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಅದಕ್ಕೇ ಬರೆದಿಡುತ್ತಿದ್ದೇನೆ, ಓದುವವರು ಓದಲಿ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ನನ್ನ ಸೇವಾ ಪುಸ್ತಕದಲ್ಲಿದೆ, ಇಲ್ಲಿ ಬೇಡ.

ನಾವಿದ್ದದ್ದು ಶ್ರೀರಾಂಪುರದ ಒಂದು ವಠಾರದಲ್ಲಿ. ಒಂಬತ್ತು ಮನೆಗೆ ಒಂದು ನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರನ್ನು ಆಗ ಮದುವೆಯಾಗುವ ತನಕ ಟೈಪಿಂಗ್ ಕ್ಲಾಸಿಗೆ ಹಾಕುವುದು ವಾಡಿಕೆ. ನನ್ನನ್ನೂ ಮಲ್ಲೇಶ್ವರದ ಒಂದು ಇನ್‌ಸ್ಟಿಟ್ಯೂಟಿಗೆ ಹಾಕಿದರು. ಅಲ್ಲಿದ್ದ ಮೆಷೀನುಗಳು ನಮ್ಮಪ್ಪನಿಗಿಂತ ಹಳೆಯವು. ಅವುಗಳಲ್ಲಿ ಸೊನ್ನೆಯ ಕೀಲಿಯೇ ಇರಲಿಲ್ಲ. "ಸೊನ್ನೆ ಬೇಕಾದ್ರೆ ದೊಡ್ಡ ಓ ಒತ್ರಮ್ಮ, ಯಾರಿಗೂ ಗೊತ್ತಾಗಲ್ಲ" ಎಂದು ಮೇಷ್ಟ್ರು ಕಲಿಸಿದರು. ನಿಜವೇ, ಕಾಗದದ ಮೇಲೆ ಇಂಗ್ಲಿಷಿನ ಓ ಅಕ್ಷರಕ್ಕೂ ಸೊನ್ನೆಗೂ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಒಂದೂವರೆ ವರ್ಷ ಹಾಗೇ ಒತ್ತಿ ಒತ್ತಿ ಬೆರಳಿಗೆ ಅಭ್ಯಾಸವಾಗಿಹೋಯಿತು.

ಎಪ್ಪತ್ತರ ದಶಕದ ಮೊದಲಲ್ಲಿ ಚಾಮರಾಜಪೇಟೆಯ ಒಂದು ಲೆಕ್ಕಾಚಾರದ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಹಳೆಯ ಕಾಲದ ಎರಡಂತಸ್ತಿನ ಮನೆಯನ್ನೇ ಆಫೀಸು ಮಾಡಿದ್ದರು. ಕೆಳಗೆ ಪಂಚಿಂಗ್ ಕೋಣೆ, ಮೇಲೆ ಪ್ರೋಗ್ರಾಮ್ ಬರೆಯುವವರು. ನಡುವೆ ಕಡಿದಾದ ಮರದ ಮೆಟ್ಟಿಲು. ಅದು ತಿರುಗುವ ಕಡೆ ಇಬ್ಬರು ನಿಲ್ಲುವಷ್ಟು ಅಗಲವಾದ ಒಂದು ಹಲಗೆ. ಕೆಳಗಿನ ನಾವು ಅಂಕಪಟ್ಟಿಗಳನ್ನು ನೋಡಿಕೊಂಡು ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಕೊರೆಯಬೇಕು. ಆ ತೂತುಗಳನ್ನೇ ಕಂಪ್ಯೂಟರ್ ಓದುತ್ತದೆ. ನಾನು ಕೊರೆದದ್ದನ್ನು ವಿಮಲ ಎಂಬ ಗೆಳತಿ ಇನ್ನೊಂದು ಯಂತ್ರದಲ್ಲಿ ಮತ್ತೆ ಒತ್ತಿ ತಾಳೆ ನೋಡುತ್ತಿದ್ದಳು. ಎರಡೂ ಹೊಂದಿದರೆ ಕಾರ್ಡು ಸರಿ ಎಂದು ಅರ್ಥ. ಆದರೆ ವಿಮಲಳೂ ಕಲಿತದ್ದು ಅದೇ ಇನ್‌ಸ್ಟಿಟ್ಯೂಟಿನಲ್ಲಿ! ನಾನು ಅರವತ್ತು ಬರೆಯಲು ಆರು ಮತ್ತು ಓ ಒತ್ತಿದರೆ, ಅವಳೂ ಆರು ಮತ್ತು ಓ ಒತ್ತುವಳು. ತಾಳೆ ಸರಿಯಾಗಿಯೇ ಬರುತ್ತಿತ್ತು. ಆದರೆ ತೂತುಗಳಲ್ಲಿ ಓ ಬೇರೆ, ಸೊನ್ನೆ ಬೇರೆ. ಅಂಕಿ ಇರಬೇಕಾದ ಕಡೆ ಅಕ್ಷರ ಕಂಡರೆ ಕಂಪ್ಯೂಟರ್ ಅಲ್ಲೇ ಕೈಚೆಲ್ಲಿ ನಿಂತುಬಿಡುತ್ತಿತ್ತು.

ನಿಂತರೆ ಏನು ಮಹಾ ಎನ್ನಬೇಡಿ. ಕಂಪ್ಯೂಟರ್ ನಮ್ಮದಲ್ಲ. ಮಲ್ಲೇಶ್ವರದ ಆಚೆಯ ಒಂದು ಸಂಸ್ಥೆಯಲ್ಲಿತ್ತು. ವಾರಕ್ಕೆ ಒಂದು ದಿನ, ಬೆಳಗಿನ ಹೊತ್ತು ಎರಡು ಗಂಟೆಗಳ ಕಾಲ ಮಾತ್ರ ನಮಗೆ ಬಿಡುತ್ತಿದ್ದರು. ಆಟೋದಲ್ಲಿ ಕಾರ್ಡಿನ ಪೆಟ್ಟಿಗೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುವುದು. ಆರು ಸಾವಿರ ಕಾರ್ಡುಗಳಲ್ಲಿ ನಾಲ್ಕು ಸಾವಿರದ ಒಂದನೆಯದು ಕೆಟ್ಟಿದ್ದರೆ ಪ್ರೋಗ್ರಾಮು ಪೂರ್ತಿ ಕುಸಿದು, ಅಷ್ಟು ಹೊತ್ತು ಮಾಡಿದ್ದೆಲ್ಲ ಹೋಗಿ, ಮತ್ತೆ ಮೊದಲ ಕಾರ್ಡಿನಿಂದ ಶುರು. ಅಷ್ಟರಲ್ಲಿ ಮುಂದಿನವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿರುತ್ತಿದ್ದರು. ಹೀಗೆ ಎಷ್ಟು ವಾರ ಬರಿಗೈಯಲ್ಲಿ ವಾಪಸು ಬಂದಿದ್ದೇವೋ.

ನಮ್ಮ ಮೇಲಧಿಕಾರಿ ಕೇಶವಮೂರ್ತಿ ಬಸವನಗುಡಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಬುದ್ಧಿವಂತರು, ಬುದ್ಧಿವಂತರೆಂದು ಅವರಿಗೆ ಗೊತ್ತಿತ್ತು ಕೂಡ. ಅಷ್ಟರಲ್ಲಿ ನಾನು ಕೆಲಸ ಕಲಿತು ಮಹಡಿಗೆ ಹತ್ತಿ ಪ್ರೋಗ್ರಾಮ್ ಬರೆಯತೊಡಗಿದ್ದೆ. ಒಂದು ದಿನ ಕಾರ್ಡಿನ ಪೆಟ್ಟಿಗೆ ಹಿಡಿದು ಇಳಿಯುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಪೆಟ್ಟಿಗೆ ಕೈತಪ್ಪಿ ದಡದಡ ಉರುಳಿ, ತಿರುವಿನ ಹಲಗೆಯ ಮೇಲೆ ಹೋಗಿ ನಿಂತಿತು. ನಾಲ್ಕಾರು ಕಾರ್ಡು ಚೆದುರಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬೈಗುಳ ಬರುತ್ತದೆಂದು ಕಿವಿ ಗಟ್ಟಿ ಮಾಡಿಕೊಂಡು ನಿಂತೆ. ಸರ್ ಮೇಲಿಂದ ಬಗ್ಗಿ ಆ ಪೆಟ್ಟಿಗೆಯನ್ನೇ ದಿಟ್ಟಿಸುತ್ತಿದ್ದರು.

"ಏನ್ರೀ ನಾಗರತ್ನ, ನಮ್ ಪ್ರೋಗ್ರಾಮು ಬಿದ್ರೆ ನೆಲಕ್ಕೇ ಯಾಕ್ರೀ ಬೀಳ್ಬೇಕು? ಹಿಂಗೇ ನಡುವೆ ಒಂದ್ ಮೆಟ್ಲಲ್ಲಿ ನಿಂತ್ಕೊಂಡು, ಅಲ್ಲಿಂದ ಮತ್ತೆ ಹತ್ಬಾರ್ದಾ?"

ಅವರು ಹೇಳಿದ್ದು ಇಷ್ಟು. ಪ್ರೋಗ್ರಾಮಿನಲ್ಲಿ ಒಂದು ಭಾಗ ಇನ್ನೊಂದನ್ನು ಕರೆಯುತ್ತದೆ. ಇಡೀ ಪಟ್ಟಿಯನ್ನು ನೋಡಿಕೊಳ್ಳುವ ಭಾಗವು ಒಬ್ಬ ಅಭ್ಯರ್ಥಿಯನ್ನು ನೋಡಿಕೊಳ್ಳುವ ಭಾಗವನ್ನು ಕರೆಯುತ್ತದೆ; ಅದು ಒಂದು ಕಾರ್ಡನ್ನು ಓದುವ ಭಾಗವನ್ನು ಕರೆಯುತ್ತದೆ. ಪ್ರತಿ ಕರೆಗೂ ಕಂಪ್ಯೂಟರ್ ಒಂದು ಮೆಟ್ಟಿಲು ಏರಿ, ತಾನು ಎಲ್ಲಿಂದ ಬಂದೆ, ಕೈಯಲ್ಲಿ ಏನೇನಿತ್ತು ಎಂದು ಆ ಮೆಟ್ಟಿಲ ಮೇಲೆ ಗುರುತಿಟ್ಟುಕೊಳ್ಳುತ್ತದೆ. ತುದಿಯ ಮೆಟ್ಟಿಲಲ್ಲಿ ಕೆಟ್ಟ ಕಾರ್ಡು ಸಿಕ್ಕರೆ ಪೂರ್ತಿ ಕುಸಿಯುವ ಬದಲು, ಬೇಕಾದಷ್ಟೇ ಮೆಟ್ಟಿಲು ಇಳಿದು, ಇಳಿದ ಮೆಟ್ಟಿಲುಗಳ ಗುರುತನ್ನೆಲ್ಲ ಅಳಿಸಿ, ಪಟ್ಟಿಯ ಮೆಟ್ಟಿಲಲ್ಲಿ ನಿಂತು "ಈ ಅಭ್ಯರ್ಥಿ ಪಕ್ಕಕ್ಕಿರಲಿ, ಮುಂದಿನವರು ಬನ್ನಿ" ಎನ್ನಬೇಕು. ನಾವು ಬಳಸುತ್ತಿದ್ದ ಪಿಎಲ್ ಒನ್ ಭಾಷೆಯಲ್ಲಿ ಅದಕ್ಕೆ ಅವಕಾಶವಿತ್ತು. ಈಗಿನವರು ಇದಕ್ಕೆ ಏನೇನೋ ಹೆಸರು ಹೇಳುತ್ತಾರೆ. ನಮ್ಮ ಆಫೀಸಿನಲ್ಲಿ ಇದರ ಹೆಸರು "ನಿಲ್ಲೋ ಮೆಟ್ಲು". ಯಾರಾದರೂ ಹೊಸ ಪ್ರೋಗ್ರಾಮು ತೋರಿಸಿದರೆ ಸರ್ ಕೇಳುವ ಮೊದಲ ಪ್ರಶ್ನೆ, "ಬಿದ್ರೆ ಯಾವ ಮೆಟ್ಲಲ್ಲಿ ನಿಲ್ತೀರಾ?"

ಆ ವರ್ಷ ಶಿಕ್ಷಕಿಯರ ತರಬೇತಿಗೆ ಆಯ್ಕೆಪಟ್ಟಿ ಮಾಡಿಕೊಡುವ ಕೆಲಸ ನಮಗೆ ಬಂತು. ಒಬ್ಬೊಬ್ಬ ಅಭ್ಯರ್ಥಿಗೆ ಆರು ವಿಷಯ, ಆರು ಕಾರ್ಡು. ಆರನ್ನೂ ಕೂಡಿ, ಒಟ್ಟು ಅಂಕದ ಪ್ರಕಾರ ಮೇಲಿಂದ ಕೆಳಗೆ ಪಟ್ಟಿ ಜೋಡಿಸಿ, ಪ್ರತಿಯೊಬ್ಬರಿಗೂ ಒಂದು ಅಂಕದ ಚೀಟಿ ಅಚ್ಚು ಹಾಕಬೇಕು. ಪ್ರೋಗ್ರಾಮು ನನ್ನದು. ನಿಲ್ಲುವ ಮೆಟ್ಟಿಲನ್ನು ನಾನೇ ಕೂರಿಸಿದೆ. ಬೇಕೆಂದೇ ಒಂದು ಕೆಟ್ಟ ಕಾರ್ಡು ಮಾಡಿ, ಸಣ್ಣ ಕಟ್ಟಿನ ಕೊನೆಯಲ್ಲಿಟ್ಟು ಪರೀಕ್ಷಿಸಿದೆ. ಸೊಗಸಾಗಿ ನಡೆಯಿತು. ನಿಜವಾದ ದಿನ ಏಳು ಕಡೆ ಓ ಸಿಕ್ಕಿತು. ಏಳು ಸಲವೂ ಪ್ರೋಗ್ರಾಮು ಇಳಿದು, ನಿಂತು, ಮುಂದಕ್ಕೆ ಹೋಯಿತು. ಆ ಏಳು ಜನರ ಕಾರ್ಡು ತಿದ್ದಿ ಬೇರೆಯಾಗಿ ಓದಿಸಿದೆವು. ಎರಡು ಗಂಟೆಯಲ್ಲಿ ಎಲ್ಲ ಮುಗಿಯಿತು. ಸರ್ ಎಲ್ಲರಿಗೂ ಕಾಫಿ ತರಿಸಿದರು. ನಾನು ಮೂರು ದಿನ ನೆಲದ ಮೇಲೆ ನಡೆಯಲಿಲ್ಲ.

ನಮ್ಮ ವಠಾರದಲ್ಲಿ, ನಲ್ಲಿಯ ಎದುರು ಮನೆಯಲ್ಲಿ ಸಾವಿತ್ರಿ ಇದ್ದಳು. ಇಪ್ಪತ್ತರ ಹುಡುಗಿ, ಊದುಬತ್ತಿ ಹೊಸೆಯುವ ಕೆಲಸ. ಎಷ್ಟು ಉಜ್ಜಿದರೂ ಅವಳ ಬೆರಳಿನ ಕಪ್ಪು ಹೋಗುತ್ತಿರಲಿಲ್ಲ. ಅವಳೂ ಆ ಪರೀಕ್ಷೆ ಬರೆದಿದ್ದಳು. ಒಂದು ಗುರುವಾರ ಸಂಜೆ ಅವಳ ತಾಯಿ ಮುನಿಯಮ್ಮ ನನ್ನನ್ನು ಕೈಹಿಡಿದು ಒಳಗೆ ಎಳೆದು, ತಟ್ಟೆ ತುಂಬ ಕೇಸರಿಬಾತ್ ಇಟ್ಟರು. "ತಿನ್ನೇ ನಾಗೂ, ನಮ್ ಸಾವಿತ್ರಿ ಟೀಚರ್ ಆಗ್ತಾವ್ಳೆ! ನಿಮ್ ಮೆಸೀನೇ ಕೊಟ್ಟಿದ್ದಂತೆ, ನಿನ್ ಕೈ ಚಂದಾಗಿರ್ಲಿ!" ಸಾವಿತ್ರಿ ನಾಚಿಕೊಂಡು ಚೀಟಿ ಕೈಗಿಟ್ಟಳು. ಅಂಚಿನಲ್ಲಿ ಅವಳ ಹೆಬ್ಬೆರಳಿನ ಕಪ್ಪು ಗುರುತು. ಐವತ್ತೆಂಟು, ಅರವತ್ತೊಂದು, ನಲವತ್ತೊಂಬತ್ತು, ಅರವತ್ತಾರು, ಐವತ್ತೆರಡು, ಐವತ್ತೇಳು. ಒಟ್ಟು ಮುನ್ನೂರ ತೊಂಬತ್ತು.

ಅಂಕಿ ಕಂಡರೆ ಕೂಡುವುದು ನನಗೆ ಚಟ. ಬಸ್ಸಿನ ಟಿಕೆಟ್ಟಿನ ಅಂಕಿಗಳನ್ನೂ ಕೂಡುತ್ತೇನೆ. ಬಾಯಲ್ಲಿ ಕೇಸರಿಬಾತ್ ಇರುವಾಗಲೇ ಮನಸ್ಸು ಕೂಡಿಬಿಟ್ಟಿತು. ಮುನ್ನೂರ ನಲವತ್ಮೂರು. ಮತ್ತೆ ಕೂಡಿದೆ. ಮುನ್ನೂರ ನಲವತ್ಮೂರೇ. ನಲವತ್ತೇಳು ಅಂಕ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು. ಊರಲ್ಲಿ ಇನ್ಯಾರೂ ಅದನ್ನು ಕೂಡಿ ನೋಡಿರಲಾರರು. ಕಂಪ್ಯೂಟರ್ ಕೂಡಿದ ಮೇಲೆ ಮತ್ತೆ ಕೂಡುವ ಹುಚ್ಚು ಯಾರಿಗಿರುತ್ತದೆ?

"ಸೋಮವಾರ ಕೆಲ್ಸ ಬಿಡ್ತೀನಿ ಅಂತ ಹೇಳ್ಬಿಡ್ತೀನಕ್ಕಾ" ಎಂದಳು ಸಾವಿತ್ರಿ. "ನನ್ ಜಾಗಕ್ಕೆ ಬರೋಕೆ ಇನ್ನೊಬ್ಳು ಕಾಯ್ತಾ ಇದಾಳೆ. ಒಂದ್ಸಲ ಬಿಟ್ರೆ ಮತ್ತೆ ಸೇರಿಸ್ಕೊಳಲ್ಲ."

ಮರುದಿನ ಬೆಳಗ್ಗೆ ಆಫೀಸಿಗೆ ಎಲ್ಲರಿಗಿಂತ ಮೊದಲೇ ಹೋಗಿ ನನ್ನ ಪ್ರೋಗ್ರಾಮು ಹರಡಿಕೊಂಡು ಕುಳಿತೆ. ಕಾಲು ಗಂಟೆ ಬೇಕಾಗಲಿಲ್ಲ. ಒಟ್ಟು ಅಂಕವನ್ನು ನಾನು ಇಟ್ಟಿದ್ದದ್ದು ಪಟ್ಟಿಯ ಮೆಟ್ಟಿಲಲ್ಲಿ. ಒಬ್ಬರ ಚೀಟಿ ಅಚ್ಚಾದ ಮೇಲೆ, ಕೊಟ್ಟಕೊನೆಯಲ್ಲಿ, ಅದನ್ನು ಸೊನ್ನೆ ಮಾಡುತ್ತಿದ್ದೆ. ಕೆಟ್ಟ ಕಾರ್ಡು ಸಿಕ್ಕಾಗ ಆ ಕೊನೆಯನ್ನು ಮುಟ್ಟುವ ಮೊದಲೇ ಪ್ರೋಗ್ರಾಮು ಇಳಿದುಬಿಡುತ್ತಿತ್ತು. ಮೇಲಿನ ಮೆಟ್ಟಿಲುಗಳ ಗುರುತೆಲ್ಲ ಅಳಿಯಿತು. ನಿಂತ ಮೆಟ್ಟಿಲಲ್ಲಿದ್ದ ಅರ್ಧ ಮೊತ್ತ ಹಾಗೇ ಉಳಿಯಿತು. ಸಾವಿತ್ರಿಯ ಹಿಂದಿನ ನಂಬರಿನವಳ ಮೊದಲ ಕಾರ್ಡು ನಲವತ್ತೇಳು, ಎರಡನೆಯದರಲ್ಲಿ ಓ. ಆ ನಲವತ್ತೇಳು ಸಾವಿತ್ರಿಯ ಲೆಕ್ಕಕ್ಕೆ ಬಂದು ಕೂತಿತ್ತು. ಪರೀಕ್ಷೆ ಮಾಡುವಾಗ ಕೆಟ್ಟ ಕಾರ್ಡನ್ನು ಕಟ್ಟಿನ ಕೊನೆಯಲ್ಲಿ ಇಟ್ಟಿದ್ದೆನಲ್ಲ, ಅದರ ನಂತರ ಯಾರೂ ಇರಲೇ ಇಲ್ಲ. ತಪ್ಪು ಹೇಗೆ ಕಾಣಬೇಕು?

ಆ ಕಾರ್ಡಿನ ಮೂಲೆಯಲ್ಲಿ ಪಂಚ್ ಮಾಡಿದವರ ಗುರುತೂ ಇತ್ತು. ಕೆಲಸ ಜಾಸ್ತಿಯಾಗಿ ಆ ವಾರ ನಾನೂ ಕೆಳಗಿಳಿದು ಕೈಜೋಡಿಸಿದ್ದೆ. ಆ ಓ ಕೂಡ ನನ್ನದೇ.

ಕೇಶವಮೂರ್ತಿ ಸರ್ ಬಂದ ಕೂಡಲೇ ಹೇಳಿದೆ. ಅವರು ಮೊದಲು ಕೇಳಿದ್ದು, "ಯಾರಿಗಾದ್ರೂ ಹೇಳಿದೀರಾ?" ನನಗೆ ಮೈ ಉರಿಯಿತು. ಇಲ್ಲವೆಂದೆ. ಅವರು ಮೆಟ್ಟಿಲಿಳಿದು ಹೊರಟುಹೋದರು. ಮುಕ್ಕಾಲು ಗಂಟೆಯಾದ ಮೇಲೆ ವಾಪಸು ಬಂದರು. ಅಷ್ಟು ಹೊತ್ತು ಅವರು ಏನು ಯೋಚಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಹೀಗೆ ಅಂಕ ಸೇರ್ಕೊಂಡ ಏಳರಲ್ಲಿ ಆರು ಜನಕ್ಕೆ ಹೆಚ್ಚುಕಮ್ಮಿ ಆದ್ರೂ ಫಲಿತಾಂಶ ಬದಲಾಗಲ್ಲ. ಒಬ್ಳೇ ತಾನೆ, ಗೆರೆ ದಾಟಿರೋದು?"

"ಹೌದು ಸರ್. ನಮ್ ವಠಾರದ ಹುಡುಗಿ. ಊದುಬತ್ತಿ ಹೊಸೀತಾಳೆ. ಸರ್, ಒಬ್ಳೇ ಅಲ್ವಾ, ಹಾಗೇ..." ನನ್ನ ಬಾಯಿಂದಲೇ ಬಂತು ಈ ಮಾತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವಳು ಒಳಗೆ ಬಂದಾಗ ಇನ್ಯಾರೋ ಒಬ್ಳು ಹೊರಗೆ ಹೋಗಿದಾಳೆ ಕಣ್ರೀ. ಇವಳ ಮುಖ ನಿಮಗೆ ಗೊತ್ತು, ಅವಳ ಮುಖ ಗೊತ್ತಿಲ್ಲ. ಅಷ್ಟೇ." ಕನ್ನಡಕವನ್ನು ಮತ್ತೆ ಏರಿಸಿಕೊಂಡು, "ಮೊದಲನೇ ಕಾರ್ಡಿಂದ ಮತ್ತೆ ಓಡ್ಸೋಣ. ಈ ಸಲ ನಡುವೆ ನಿಲ್ಲೋದು ಬೇಡ. ಹೊಸ ಪಟ್ಟಿ ಬರೋ ತನಕ ಬಾಯಿ ಬಿಡ್ಬೇಡಿ" ಎಂದರು.

ನಮಗೆ ಯಂತ್ರ ಸಿಗುವುದು ಮುಂದಿನ ಬುಧವಾರ. ಸಾವಿತ್ರಿ ಕೆಲಸ ಬಿಡುವುದು ಸೋಮವಾರ. ಮೇಲಧಿಕಾರಿಯ ಮಾತನ್ನು ಅಲ್ಲಿಯ ತನಕ ಮೀರಿದವಳಲ್ಲ ನಾನು. ಶನಿವಾರವೆಲ್ಲ ಒದ್ದಾಡಿದೆ. ಭಾನುವಾರ ಮಧ್ಯಾಹ್ನ ಅವಳ ಮನೆಯ ಬಾಗಿಲಿಗೆ ಹೋದೆ. ಅವಳು ಹೊಸಿಲ ಮೇಲೆ ಕೂತು ಹಳೆಯ ಸೀರೆಯೊಂದಕ್ಕೆ ಫಾಲ್ಸ್ ಹೊಲಿಯುತ್ತಿದ್ದಳು, ತರಬೇತಿಗೆ ಉಟ್ಟುಕೊಂಡು ಹೋಗಲು. ಸುತ್ತುಬಳಸದೆ ಹೇಳಿದೆ. ಓ, ಸೊನ್ನೆ, ಮೆಟ್ಟಿಲು, ನಲವತ್ತೇಳು, ಎಲ್ಲವನ್ನೂ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಹಾಗಾದ್ರೆ ನನ್ ನಿಜವಾದ ಟೋಟಲ್ ಎಷ್ಟಕ್ಕಾ?"

"ಮುನ್ನೂರ ನಲವತ್ಮೂರು."

"ಕೊನೇ ಸೀಟು?"

"ಮುನ್ನೂರ ಐವತ್ತೊಂದಕ್ಕೆ ಬರುತ್ತೆ."

ಅವಳು ಬೆರಳು ಮಡಚಿ ಎಣಿಸಿದಳು. "ಎಂಟೇನಾ? ಎಂಟೇ ಎಂಟಾ?" ಎಂದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. "ಮುನ್ನೂರ ತೊಂಬತ್ತು ನಂದಲ್ಲ ಅಂತ ನಂಗೇ ಅನ್ನಿಸ್ತಿತ್ತು ಕಣಕ್ಕಾ. ಯಾರ್ದೋ ಬಟ್ಟೆ ಹಾಕ್ಕೊಂಡಂಗೆ ಇತ್ತು."

ಒಳಗಿನಿಂದ ಮುನಿಯಮ್ಮ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. "ಮೆಸೀನ್ ಕೊಟ್ಟಿದ್ದು ಕಣೇ ಅದು. ಮೆಸೀನ್ ಕೊಟ್ಟಿದ್ದನ್ನ ಕಿತ್ಕೊಳ್ಳೋಕೆ ನೀನ್ಯಾವಳೇ? ಇದೇ ಮನೇಲಿ ಕೇಸರಿಬಾತ್ ತಿಂದ್ಯಲ್ಲೇ!" ಎಲ್ಲರ ಮೇಲೆ ಹಾರಾಡುವ ನಾನು ಅಂದು ತಲೆ ತಗ್ಗಿಸಿ ಮನೆಗೆ ಬಂದೆ.

ಸೋಮವಾರ ಸಾವಿತ್ರಿ ಎಂದಿನಂತೆ ಊದುಬತ್ತಿ ಹೊಸೆಯಲು ಹೋದಳು. ಬುಧವಾರ ಹೊಸ ಪಟ್ಟಿ ಬಂತು. ಪಟ್ಟಿಗಿಂತ ಮೊದಲೇ ಬಾಯಿ ಬಿಟ್ಟದ್ದನ್ನು ನಾನೇ ಸರ್‌ಗೆ ಒಪ್ಪಿಸಿದೆ. ನನ್ನನ್ನು ಮೂರು ತಿಂಗಳು ಕೆಳಗಿನ ಪಂಚಿಂಗ್ ಕೋಣೆಗೆ ಇಳಿಸಿದರು. ಸಿಟ್ಟಿನಿಂದ ಇಳಿದೆ, ಆದರೆ ಆ ಮೂರು ತಿಂಗಳಲ್ಲಿ ನಾನೂ ವಿಮಲಳೂ ಬೆರಳಿನಿಂದ ಓ ಬಿಡಿಸಿಕೊಂಡೆವು. ಪ್ರತಿ ಸೊನ್ನೆಗೂ ಬಾಯಿಬಿಟ್ಟು "ಸೊನ್ನೆ" ಎನ್ನುತ್ತಾ ಒತ್ತುವುದು. ಅದು ಆ ಕೋಣೆಯ ರೂಢಿಯೇ ಆಗಿಹೋಯಿತು. ಹೊರಗಿನವರು ಬಂದರೆ ಇದೇನು ಜಪವೋ ಎಂದು ನಗುತ್ತಿದ್ದರು.

ವಠಾರದಲ್ಲಿ ನಲ್ಲಿಯ ಮುಂದೆ ಬಿಂದಿಗೆಗಳು ಸಾಲಾಗಿರುತ್ತವೆ. ಯಜಮಾನಿ ಅಲ್ಲಿ ಇಲ್ಲದಿದ್ದರೂ ಬಿಂದಿಗೆ ಅವಳ ಸರದಿ ಹಿಡಿದಿರುತ್ತದೆ. ಆ ದಿನದಿಂದ ಮುನಿಯಮ್ಮ ನನ್ನ ಬಿಂದಿಗೆಯನ್ನು ಎತ್ತಿ ಸಾಲಿನ ಕೊನೆಗೆ ಇಡತೊಡಗಿದರು. ಮಾತಿಲ್ಲ, ಜಗಳವಿಲ್ಲ. ಎಷ್ಟೋ ಬೆಳಗ್ಗೆ ನನ್ನ ಸರದಿ ಬರುವಷ್ಟರಲ್ಲಿ ನೀರು ನಿಂತಿರುತ್ತಿತ್ತು. ಖಾಲಿ ಬಿಂದಿಗೆ ಎತ್ತಿಕೊಂಡು ವಾಪಸು ಬರುತ್ತಿದ್ದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಎಂಬತ್ತರ ದಶಕದ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮರೆತುಬಿಡುತ್ತೇನೆ. ಅಷ್ಟು ಹೊತ್ತಿಗೆ ಕಾರ್ಡು ಹೋಗಿ, ಚಾಮರಾಜಪೇಟೆಯ ಮಹಡಿಯಲ್ಲೇ ನಮ್ಮದೊಂದು ಕಂಪ್ಯೂಟರ್ ಬಂದಿತ್ತು. ಸಿ ಭಾಷೆ ಬಂದಿತ್ತು. ಗಿರೀಶ ಎಂಬ ಹೊಸ ಇಂಜಿನಿಯರ್ ಬರೆದ ಪ್ರೋಗ್ರಾಮು ತಪ್ಪು ಸಿಕ್ಕಿದಾಗಲೆಲ್ಲ ಹುಚ್ಚುಹುಚ್ಚಾಗಿ ಆಡುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡಿದ್ದ. ನೋಡಿದರೆ, ಅವನು ನಿಲ್ಲುವ ಗುರುತನ್ನು ಒಂದು ಪುಟ್ಟ ಭಾಗದೊಳಗೆ ಹಾಕಿದ್ದ. ಆ ಭಾಗ ತನ್ನ ಕೆಲಸ ಮುಗಿಸಿ ಎಂದೋ ಹಿಂತಿರುಗಿಯಾಗಿತ್ತು. ಮನೆ ಖಾಲಿ ಮಾಡಿಕೊಂಡು ಹೋದವರ ಬಾಗಿಲು ತಟ್ಟಿದಂತೆ ಇವನ ಪ್ರೋಗ್ರಾಮು ಅಲ್ಲಿಗೆ ಹಾರುತ್ತಿತ್ತು. ಅಷ್ಟರಲ್ಲಿ ಅಲ್ಲಿ ಬೇರೆ ಯಾರೋ ಬಿಡಾರ ಹೂಡಿರುತ್ತಿದ್ದರು.

"ಮೇಡಂ, ಪುಸ್ತಕದಲ್ಲಿ ಹಾರ್ಬೋದು ಅಂತ ಇದ್ಯಲ್ಲ?" ಎಂದ.

"ಹಾರಪ್ಪ, ಬೇಡ ಅಂದೋರ್ಯಾರು? ನಿಲ್ಲೋ ಮೆಟ್ಲು ಇನ್ನೂ ಅಲ್ಲೇ ಇದ್ಯಾ ಅಂತ ನೋಡ್ಕೋ. ಇದ್ರೆ, ಅದ್ರ ಮೇಲೆ ಏನ್ ಬಿದ್ದಿದೆ ಅಂತ್ಲೂ ನೋಡ್ಕೋ" ಎಂದೆ. ನಾಲ್ಕು ದಶಕ ಕಳೆದರೂ ಹೊಸಬರಿಗೆ ಹೇಳಲು ನನ್ನ ಬಳಿ ಇರುವುದು ಈ ಎರಡೇ ಮಾತು. ಪರೀಕ್ಷೆ ಮಾಡುವಾಗ ಕೆಟ್ಟ ಕಾರ್ಡನ್ನು ನಡುವೆ ಇಡಿ ಎಂಬುದನ್ನೂ ಸೇರಿಸಿದರೆ ಮೂರು.

ಸಾವಿತ್ರಿಯ ಕಥೆಯನ್ನು ನಡುವೆ ಬಿಟ್ಟಿದ್ದೆ. ಬಿಟ್ಟಲ್ಲಿಂದಲೇ ಹಿಡಿಯುತ್ತೇನೆ.

ಅವಳು ಮಾತ್ರ ನನ್ನೊಡನೆ ಮಾತು ಬಿಡಲಿಲ್ಲ. "ಚೀಟಿ ಬರೋಕೆ ಮುಂಚೆ ಎಲ್ಲೋ ಇನ್ನೂರರಲ್ಲಿ ಬಿದ್ದಿರ್ತೀನಿ ಅನ್ಕೊಂಡಿದ್ದೆ ಅಕ್ಕಾ. ಈಗ ಎಂಟು ತಾನೇ. ಮೊದಲಿಂದ ಯಾಕೆ ಶುರು ಮಾಡ್ಲಿ, ಮುನ್ನೂರ ನಲವತ್ಮೂರರಿಂದ ಮಾಡ್ತೀನಿ" ಎಂದಳು. ಹಗಲು ಊದುಬತ್ತಿ, ಸಂಜೆ ನನ್ನ ಮನೆಯ ಹೊಸಿಲ ಮೇಲೆ ಪುಸ್ತಕ. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂತಳು. ಆ ಸಲದ ಪಟ್ಟಿಯ ಕೆಲಸವನ್ನು ನಾನು ಮಾಡುವುದಿಲ್ಲ ಎಂದು ಸರ್‌ಗೆ ಹೇಳಿಬಿಟ್ಟೆ. ಅವರು ಯಾಕೆಂದು ಕೇಳದೆ ಬೇರೆಯವರಿಗೆ ವಹಿಸಿದರು.

ಚೀಟಿ ಬಂದದ್ದು ಒಂದು ಶನಿವಾರ. ಮರುದಿನ ಬೆಳಗ್ಗೆ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ, ಸಾವಿತ್ರಿ ಅದನ್ನು ಹಿಡಿದು ನನ್ನ ಮುಂದೆ ನಿಂತಳು. ಒಟ್ಟು ಅಂಕದ ಮೇಲೆ ಅವಳ ಕಪ್ಪು ಹೆಬ್ಬೆರಳು ಒತ್ತಿಕೊಂಡಿತ್ತು.

"ನಾನಿನ್ನೂ ನೋಡಿಲ್ಲ. ಮೊದ್ಲು ನೀವು ಕೂಡಿ."

ಬಿಂದಿಗೆ ಹಿಡಿದ ಹೆಂಗಸರೆಲ್ಲ ತಿರುಗಿದರು. ಮುನಿಯಮ್ಮ ನಲ್ಲಿಯ ಬಳಿ ನನಗೆ ಬೆನ್ನು ಹಾಕಿ ನಿಂತಿದ್ದರು, ತಿರುಗಲಿಲ್ಲ. ಗಟ್ಟಿಯಾಗಿ ಓದಿಕೊಂಡು ಒಂದೊಂದೇ ಕೂಡಿದೆ. ಅರವತ್ತು ಎನ್ನುವಾಗ ನನಗೆ ತಿಳಿಯದೆಯೇ "ಆರು, ಸೊನ್ನೆ" ಎಂದು ಬಿಡಿಸಿ ಹೇಳಿದೆ. ತಪ್ಪಿದೆನೇನೋ ಎಂದು ಇನ್ನೊಂದು ಸಲ ಕೂಡಿದೆ.

"ಮುನ್ನೂರ ಎಪ್ಪತ್ತೆರಡು" ಎಂದೆ.

ಸಾವಿತ್ರಿ ಹೆಬ್ಬೆರಳು ಎತ್ತಿದಳು. ಕಪ್ಪು ಗುರುತಿನ ಕೆಳಗೆ ಮುನ್ನೂರ ಎಪ್ಪತ್ತೆರಡು ಎಂದೇ ಇತ್ತು, ಹೋದ ವರ್ಷದ ಕೊನೇ ಸೀಟಿಗಿಂತ ಇಪ್ಪತ್ತೊಂದು ಹೆಚ್ಚು.

ಮುನಿಯಮ್ಮ ನಲ್ಲಿಯ ಕೆಳಗೆ ಅರ್ಧ ತುಂಬಿದ್ದ ತಮ್ಮ ಬಿಂದಿಗೆಯನ್ನು ಪಕ್ಕಕ್ಕೆ ಎಳೆದಿಟ್ಟರು. ಸಾಲಿನ ಕೊನೆಯ ತನಕ ನಡೆದುಹೋಗಿ, ನನ್ನ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಬಂದು, ನೀರಿನ ಕೆಳಗೆ ಹಿಡಿದರು.

"ನಿಂತ್ಕೊಂಡು ಏನ್ ನೋಡ್ತೀಯೇ ನಾಗೂ," ಎಂದರು, ಒಂದು ವರ್ಷದ ಮೇಲೆ. "ಬಂದು ಕೈ ಹಾಕು, ನೀರು ನಿಲ್ಲೋ ಹೊತ್ತಾಯ್ತು."